ಎರಡು ಚಿಮುಕು ಕಹಿ: ಮನೆಯಲ್ಲಿ ಬಿಟರ್ಸ್ ಬಳಸಿದ ನನ್ನ ಅನುಭವ

ಮನೆಯಲ್ಲಿ ಕಾಕ್‌ಟೇಲ್ ಮಾಡಲು ಹೊರಟವರು ಮೊದಲು ಶೇಕರ್ ತರುತ್ತಾರೆ, ಆಮೇಲೆ ಬಣ್ಣಬಣ್ಣದ ಸಿರಪ್. ನನ್ನನ್ನು ಕೇಳಿದರೆ ಮೊದಲು ಬರಬೇಕಾದ್ದು ಒಂದು ಸಣ್ಣ ಬಾಟಲಿ ಬಿಟರ್ಸ್. ಬೇರು, ತೊಗಟೆ, ಸಿಪ್ಪೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಸಿ ತೆಗೆದ ಕಡು ಕಹಿ ರಸ ಅದು. ಸಾರಿಗೆ ಒಗ್ಗರಣೆ ಹೇಗೋ ಗ್ಲಾಸಿಗೆ ಇದು ಹಾಗೆ. ಹಾಕಿದ್ದು ನಾಲಿಗೆಗೆ ಬೇರೆಯಾಗಿ ಸಿಗಬಾರದು, ಹಾಕದಿದ್ದರೆ ಮಾತ್ರ ಗೊತ್ತಾಗಬೇಕು.

ಬಿಟರ್ಸ್ ಬ್ರ್ಯಾಂಡುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅಂಗೋಸ್ಟುರಾ. 1824ರಲ್ಲಿ ವೆನೆಜುವೆಲಾದ ಅಂಗೋಸ್ಟುರಾ ಎಂಬ ಊರಿನಲ್ಲಿ ಸೀಗರ್ಟ್ ಎಂಬ ಜರ್ಮನ್ ವೈದ್ಯ ಸೈನಿಕರ ಹೊಟ್ಟೆನೋವಿಗೆ ಮಾಡಿದ ಮದ್ದು. 1870ರ ದಶಕದಲ್ಲಿ ಅವನ ಮನೆಯವರು ಅದನ್ನು ಟ್ರಿನಿಡಾಡಿಗೆ ಒಯ್ದರು. ಈಗಲೂ ಅಲ್ಲಿಂದಲೇ ಬರುತ್ತದೆ. ಒಮ್ಮೆ ಕುತೂಹಲಕ್ಕೆ ಗೆಳೆಯನಿಗೆ ಒಂದು ಚಮಚ ಬರೀ ಬಿಟರ್ಸ್ ಕೊಟ್ಟೆ. "ಇದೆಂತ ಮಾರಾಯಾ, ಆಟಿ ಅಮಾವಾಸ್ಯೆಯ ಕಷಾಯದ ಹಾಗೆ ಉಂಟು!" ಅಂದ. ತಪ್ಪೇನಿಲ್ಲ. ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಖಾಲಿ ಹೊಟ್ಟೆಗೆ ಕುಡಿಸುವ ಮನೆಗಳಲ್ಲಿ ಬೆಳೆದವರು ನಾವು. ಕಹಿ ನಮಗೆ ಹೊಸದಲ್ಲ. ಅದನ್ನು ಸಕ್ಕರೆ ಮತ್ತು ಮದ್ಯದ ಜೊತೆ ತೂಗಿಸುವುದು ಮಾತ್ರ ಹೊಸದು.

ತೂಗಿಸುವುದನ್ನು ಕಲಿಯಲು ಹಳೆಯ ಕಾಕ್‌ಟೇಲ್ ಆದ ಓಲ್ಡ್ ಫ್ಯಾಷನ್ಡ್‌ಗಿಂತ ಒಳ್ಳೆಯದಿಲ್ಲ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೇನು ಅಂತ ಓದುಗರಿಗೆ ವಿವರಿಸಿತ್ತು: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್. ಅಷ್ಟೇ. ಓಲ್ಡ್ ಫ್ಯಾಷನ್ಡ್ ಈಗಲೂ ಅದೇ. ವಿಸ್ಕಿ 60 ಮಿ.ಲೀ., ಅಂದರೆ ನಮ್ಮ ಲಾರ್ಜ್ ಪೆಗ್ ಒಂದು, ಸಕ್ಕರೆ ಒಂದು ಸಣ್ಣ ಚಮಚ, ಬಿಟರ್ಸ್ ಎರಡು ಚಿಮುಕು, ನೀರು ಐಸ್‌ನಿಂದ.

ಪುಸ್ತಕದ ಅಳತೆ ನಮ್ಮ ಬಾಟಲಿಗೆ ಹಾಗೇ ಹೊಂದುವುದಿಲ್ಲ, ಇದು ಮುಖ್ಯ. ಅಳತೆ ಬರೆದವರ ಕೈಯಲ್ಲಿ ಇದ್ದದ್ದು ಅಮೆರಿಕದ ಬರ್ಬನ್ (ಮುಸುಕಿನ ಜೋಳದ ವಿಸ್ಕಿ) ಅಥವಾ ರೈ ಎಂಬ ಧಾನ್ಯದ ವಿಸ್ಕಿ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ವಿಸ್ಕಿಗಳಲ್ಲಿ ಕಾಕಂಬಿಯಿಂದ ತೆಗೆದ ಮದ್ಯಸಾರ ಇರುತ್ತದೆ. ಅದಕ್ಕೆ ಸಕ್ಕರೆ ಅರ್ಧ ಮಾಡಿ, ಬಿಟರ್ಸ್ ಒಂದು ಚಿಮುಕು ಜಾಸ್ತಿ ಹಾಕುತ್ತೇನೆ. ಇನ್ನೂ ಒಳ್ಳೆಯದು ಓಲ್ಡ್ ಮಾಂಕ್ ರಮ್ಮು. ಅದರಲ್ಲಿ ವೆನಿಲ್ಲಾದ ಘಮ ಮೊದಲೇ ಇದೆ. ಓಲೆಬೆಲ್ಲವನ್ನು (ತಾಳೆಬೆಲ್ಲ) ಅಷ್ಟೇ ನೀರಿನಲ್ಲಿ ಕರಗಿಸಿ, ಸೋಸಿ, ಅರ್ಧ ಚಮಚ ಸೇರಿಸಿದರೆ ಸಾಕು. ಸೋಸುವುದನ್ನು ಮರೆಯಬೇಡಿ, ಮರಳು ಇದ್ದೇ ಇರುತ್ತದೆ. ದುಬಾರಿ ಸಿಂಗಲ್ ಮಾಲ್ಟ್ ವಿಸ್ಕಿ ಇದ್ದರೆ ಸುಮ್ನೆ ಹಾಗೇ ಕುಡಿಯಿರಿ, ಅದಕ್ಕೆ ಬಿಟರ್ಸ್ ಯಾಕೆ?

ಒಂದು ಚಿಮುಕು, ಅಂದರೆ ಬಾರ್‌ನವರು ಹೇಳುವ ಒಂದು ಡ್ಯಾಶ್, ಒಂದು ಮಿಲಿಲೀಟರಿಗಿಂತ ಸ್ವಲ್ಪ ಕಡಿಮೆ. ಬಾಟಲಿ ತುಂಬಿರುವಾಗ ಚಿಮುಕು ಸಣ್ಣದಾಗಿ ಬೀಳುತ್ತದೆ, ಖಾಲಿಯಾಗುತ್ತಾ ಬಂದಂತೆ ದೊಡ್ಡದಾಗುತ್ತದೆ. ಹೀಗಾಗಿ ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ ಸಿರಿಂಜ್ ಒಂದು ತಂದುಕೊಂಡೆ. ನೋಡಿದವರು ನಗುತ್ತಾರೆ, ಆದರೆ ರುಚಿ ಪ್ರತಿಸಲ ಒಂದೇ ಬರುತ್ತದೆ.

ಇನ್ನು ಐಸ್. ಮಂಗಳೂರಿನ ಸೆಕೆಯಲ್ಲಿ ಇದೇ ದೊಡ್ಡ ತಲೆನೋವು. ಫ್ರಿಜ್ಜಿನ ಟ್ರೇಯ ಸಣ್ಣ ತುಂಡುಗಳು ಗ್ಲಾಸಿಗೆ ಬಿದ್ದ ಕೂಡಲೇ ನೀರಾಗುತ್ತವೆ. ಮೇಲಾಗಿ ನಮ್ಮ ಊರಿನ ಫ್ರೀಜರಿನಲ್ಲಿ ಬಂಗುಡೆಯೋ ಸಿಗಡಿಯೋ ಇದ್ದೇ ಇರುತ್ತದಲ್ವಾ, ತೆರೆದಿಟ್ಟ ಐಸ್ ಆ ವಾಸನೆಯನ್ನು ಎಳೆದುಕೊಳ್ಳುತ್ತದೆ. ಮೀನನ್ನು ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ. ಆಮೇಲೆ ಚಪಾತಿ ಇಡುವ ಹಾಟ್‌ಬಾಕ್ಸಿನಲ್ಲಿ ಮುಕ್ಕಾಲು ನೀರು ತುಂಬಿ, ಮುಚ್ಚಳ ಹಾಕದೆ ಫ್ರೀಜರಿನಲ್ಲಿಡಿ. ಸುತ್ತ ಶಾಖ ತಡೆಯುವ ಗೋಡೆ ಇರುವುದರಿಂದ ನೀರು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತದೆ, ಗಾಳಿಗುಳ್ಳೆಗಳು ತಳಕ್ಕೆ ಸರಿಯುತ್ತವೆ. ತಳ ಇನ್ನೂ ನೀರಾಗಿರುವಾಗಲೇ ತೆಗೆಯಬೇಕು, ಇಲ್ಲದಿದ್ದರೆ ಡಬ್ಬಿ ಬಿರಿಯಬಹುದು. ಮೇಲಿನ ಗಟ್ಟಿಯನ್ನು ಬ್ರೆಡ್ ಚಾಕುವಿನಿಂದ ಗೀರಿ ತಟ್ಟಿದರೆ ದೊಡ್ಡ ತಿಳಿ ತುಂಡುಗಳು ಸಿಗುತ್ತವೆ. ಓಲ್ಡ್ ಫ್ಯಾಷನ್ಡ್ ಅನ್ನು ಅರ್ಧ ನಿಮಿಷ ಕಲಕಿದರೆ ಸುಮಾರು ಕಾಲು ಭಾಗದಷ್ಟು ನೀರು ಸೇರುತ್ತದೆ. ಅಷ್ಟು ಸೇರಲೇಬೇಕು. ನೀರು ಸೇರದೆ ಬಿಟರ್ಸ್ ಘಮ ಬಿಡುವುದಿಲ್ಲ.

ಮ್ಯಾನ್‌ಹಟನ್ ಎಂಬ ಇನ್ನೊಂದು ಕಾಕ್‌ಟೇಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಸ್ಕಿ 60, ಸಿಹಿ ವರ್ಮೂತ್ 30, ಬಿಟರ್ಸ್ ಎರಡು ಚಿಮುಕು, ಕಲಕಿ ಸೋಸಿ. ವರ್ಮೂತ್ ಕೂಡ ವೈನೇ, ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲೇ ಇರಬೇಕು. ಶೋಕೇಸಿನಲ್ಲಿಟ್ಟರೆ ನಮ್ಮ ಹವೆಗೆ ಬೇಗ ಕೆಡುತ್ತದೆ. ಮೊಟ್ಟೆಯ ಬಿಳಿ ಹಾಕಿದ ವಿಸ್ಕಿ ಸವರ್ (ವಿಸ್ಕಿ, ನಿಂಬೆರಸ, ಸಕ್ಕರೆಯ ಕಾಕ್‌ಟೇಲ್) ಮಾಡುವವರು ನೊರೆಯ ಮೇಲೆ ನಾಲ್ಕು ಹನಿ ಬಿಟರ್ಸ್ ಬಿಡಿ. ಅಂದಕ್ಕಲ್ಲ, ಮೊಟ್ಟೆಯ ಹಸಿ ವಾಸನೆ ಅಡಗುತ್ತದೆ.

ಹೊಸ ಕಾಲದ ಕಾಕ್‌ಟೇಲ್‌ಗಳಲ್ಲಿ ನನಗೆ ತಮಾಷೆ ಅನಿಸಿದ್ದು ಟ್ರಿನಿಡಾಡ್ ಸವರ್. ನ್ಯೂಯಾರ್ಕಿನ ಬಾರ್‌ಟೆಂಡರ್ ಜುಸೆಪೆ ಗೊನ್ಸಾಲೆಜ್ ಅವರದು. ಅದರಲ್ಲಿ ಲೆಕ್ಕವೇ ಉಲ್ಟಾ. ಬಿಟರ್ಸ್ 45 ಮಿ.ಲೀ., ರೈ ವಿಸ್ಕಿ ಬರೀ 15! ಜೊತೆಗೆ 30 ಮಿ.ಲೀ. ಬಾದಾಮಿ ಸಿರಪ್, 20 ಚಿಲ್ಲರೆ ನಿಂಬೆರಸ. 200 ಮಿ.ಲೀ. ಬಾಟಲಿ ನಾಲ್ಕು ಗ್ಲಾಸಿಗೆ ಮುಗಿಯಿತು ಅಂತಲೇ ಲೆಕ್ಕ, ಹಾಗಾಗಿ ನಾನು ಇದನ್ನು ಅರ್ಧ ಅಳತೆಯಲ್ಲಿ ಮಾಡುತ್ತೇನೆ. ರೈ ಬದಲು ರಮ್ಮು. ಬಾದಾಮಿಯ ಬದಲು ಗೋಡಂಬಿ, ನಮ್ಮೂರಿನಲ್ಲಿ ತುಂಡು ಗೋಡಂಬಿ ಅಗ್ಗವಾಗಿ ಸಿಗುತ್ತದೆ. ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲಿಗೆ ಅಷ್ಟೇ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಬೇಕು. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಅಷ್ಟು ಬಿಟರ್ಸ್ ಹಾಕಿದರೂ ಕಹಿ ಮುಂದೆ ಬರುವುದಿಲ್ಲ, ದಾಲ್ಚಿನ್ನಿ ಲವಂಗದಂಥ ಘಮವೇ ಎದ್ದು ನಿಲ್ಲುತ್ತದೆ. ಗೋಡಂಬಿಯ ಜಿಡ್ಡು ಕಹಿಯನ್ನು ಹಿಡಿದಿಡುತ್ತದೆ ಅಂತ ನನ್ನ ಊಹೆ.

ಪುನರ್ಪುಳಿಯೂ (ಕೋಕಂ) ಬಿಟರ್ಸ್ ಜೊತೆ ಚೆನ್ನಾಗಿ ಹೋಗುತ್ತದೆ. ಜಿನ್ 45, ಪುನರ್ಪುಳಿ ಸಿರಪ್ 20, ಬಿಟರ್ಸ್ ಮೂರು ಚಿಮುಕು, ಮೇಲೆ ಸೋಡಾ. ನಿಂಬೆ ಬೇಡವೇ ಬೇಡ, ಹುಳಿ ಮೊದಲೇ ಸಾಕಷ್ಟಿದೆ. ಹುಳಿ-ಸಿಹಿ ಮಾತ್ರ ಇದ್ದರೆ ಅದು ಶರಬತ್ತು. ಬಿಟರ್ಸ್ ಬಿದ್ದಾಗಲೇ ನಿಧಾನಕ್ಕೆ ಕುಡಿಯುವ ಪಾನೀಯವಾಗುತ್ತದೆ.

ಬಿಟರ್ಸನ್ನೇ ಮನೆಯಲ್ಲಿ ಮಾಡಬಹುದಾ? ಮಾಡಬಹುದು. ಅಂಗೋಸ್ಟುರಾದ ಕಹಿಗೆ ಜೆಂಷಿಯನ್ ಬೇರು ಕಾರಣ. ಅದು ಇಲ್ಲಿ ಸುಲಭಕ್ಕೆ ಸಿಗದು. ಅದೇ ಕುಟುಂಬದ ಕಿರಾತಕಡ್ಡಿ ಆಯುರ್ವೇದದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಸ್ವಲ್ಪ ರಮ್ಮಿಗೆ ಒಂದು ಚಿಟಿಕೆ ಕಿರಾತಕಡ್ಡಿ, ಒಂದೆರಡು ದಿನ ಸಾಕು, ಆಮೇಲೆ ಸೋಸಿಡಿ. ಇನ್ನೊಂದರಲ್ಲಿ ಒಂದು ಲೋಟ ರಮ್ಮು, ಹೇರಳೆಕಾಯಿಯ ಹೊರಸಿಪ್ಪೆ, ಏಲಕ್ಕಿ, ದಾಲ್ಚಿನ್ನಿ, ಜಜ್ಜಿದ ಕಾಫಿ ಬೀಜ. ಲವಂಗ ಎರಡೇ, ಜಾಸ್ತಿಯಾದರೆ ಹಲ್ಲುನೋವಿನ ಮದ್ದಾಗುತ್ತದೆ. ನಮ್ಮಲ್ಲಿನ ಮದ್ಯ ಸಾಮಾನ್ಯವಾಗಿ 42.8 ಶೇಕಡಾದ್ದು, ಸಾರ ಇಳಿಯುವುದು ನಿಧಾನ. ಮಸಾಲೆಯದನ್ನು ಎರಡು ವಾರ ಬಿಟ್ಟು ಸೋಸಿ. ಆಮೇಲೆ ಮಸಾಲೆಯ ಬಾಟಲಿಗೆ ಕಹಿಯನ್ನು ಹನಿಹನಿಯಾಗಿ ಸೇರಿಸುತ್ತಾ, ಸೋಡಾದಲ್ಲಿ ಬಿಟ್ಟು ರುಚಿ ನೋಡಿ. ಎಲ್ಲವನ್ನೂ ಒಟ್ಟಿಗೆ ನೆನೆಸಿದರೆ ಕಹಿಯನ್ನು ಹಿಂದಕ್ಕೆ ತರಲಾಗದು.

ಆಟಿಯ ನೆನಪಲ್ಲಿ ಹಾಲೆ ತೊಗಟೆ ಹಾಕೋಣ ಅನ್ನುವವರಿಗೆ ನನ್ನ ಉತ್ತರ, ಬೇಡ. ಮರ ಗುರುತಿಸಲು ಬಾರದವರು ಕಾಸರಕದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ. ಅಂಗಡಿಯಲ್ಲಿ ಗೊತ್ತಿರುವ ಹೆಸರಿನಿಂದ ಮಾರುವುದನ್ನೇ ಬಳಸಿ, ಹನಿಗಳ ಲೆಕ್ಕದಲ್ಲೇ ಬಳಸಿ.

ಮನೆಯ ಈ ಬಿಟರ್ಸ್ ರಮ್ಮು, ಓಲೆಬೆಲ್ಲದ ಜೊತೆ ಅಂಗೋಸ್ಟುರಾಕ್ಕಿಂತ ಚೆನ್ನಾಗಿದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಮ್ಯಾನ್‌ಹಟನ್‌ಗೆ ಮಾತ್ರ ಆಗುವುದಿಲ್ಲ, ಕಾಫಿಯ ವಾಸನೆ ವರ್ಮೂತ್ ಜೊತೆ ಜಗಳವಾಡುತ್ತದೆ. ಅದಕ್ಕೆ ಅಂಗೋಸ್ಟುರಾವೇ ಬೇಕು, ದುಬೈಯಿಂದ ಬರುವ ಭಾವನ ಬ್ಯಾಗನ್ನೇ ಕಾಯುತ್ತೇನೆ.