ಕರಕಿಯ ಮೇಲೆ ನಾಲ್ಕು ತಿಂಗಳ ರೈ ಹುಲ್ಲು

ಧಾರವಾಡದ ಥಂಡಿಗೆ ಲಾನಿನ ಕರಕಿ (ಗರಿಕೆ) ಪೂರ್ತಿ ಒಣಗುವುದಿಲ್ಲ. ಡಿಸೆಂಬರ್ ಹೊತ್ತಿಗೆ ಬೆಳವಣಿಗೆ ಕುಂಠಿತವಾಗಿ ಬಣ್ಣ ಮಾಸುತ್ತದೆ, ಅಷ್ಟೆ. ಹಾಗಾಗಿ ಚಳಿಗಾಲದ ಹಸಿರಿಗೆಂದು ಅದರ ಮೇಲೆ ಬಿತ್ತುವ ರೈ ಹುಲ್ಲು (ರೈಗ್ರಾಸ್, ಥಂಡಿಯಲ್ಲಿ ಬೆಳೆಯುವ ಹುಲ್ಲು) ಇಲ್ಲಿ ತೆಳುವಾಗಿದ್ದರೆ ಸಾಕು. ನಾನು ಹಾಕುವುದು 500 ಚದರ ಅಡಿಗೆ ಒಂದೂವರೆ ಕಿಲೋ ಬೀಜ. ದುಪ್ಪಟ್ಟು ಹಾಕಿದರೆ ಸಸಿಗಳು ಒತ್ತೊತ್ತಾಗಿ ಬುಡ ಕೊಳೆಯುತ್ತವೆ, ಅಡಿಯ ಕರಕಿಗೂ ಬಿಸಿಲು ಸಿಗದು. ಬಹುವಾರ್ಷಿಕ ರೈ ನುಣುಪು, ಗಾಢ ಹಸಿರು. ಆದರೂ ನನ್ನ ಒಲವು ವಾರ್ಷಿಕ ರೈ ಕಡೆಗೇ. ಅಗ್ಗ, ಮೇಲಾಗಿ ಬೇಗ ಜಾಗ ಬಿಡುತ್ತದೆ.

ಅಕ್ಟೋಬರ್‌ನಲ್ಲಿ ಬಿತ್ತುವುದು ಬೇಡ. ಹಿಂಗಾರಿನ ಒಂದು ಜೋರು ಮಳೆಗೆ ಬೀಜವೆಲ್ಲ ತಗ್ಗಿಗೆ ಹರಿದು ಗುಪ್ಪೆಯಾಗುತ್ತದೆ. ದೀಪಾವಳಿ ಮುಗಿದು, ರಾತ್ರಿ ಹೊದಿಕೆ ಬೇಕೆನಿಸಿದಾಗ ಕೈಹಚ್ಚಬೇಕು.

ಮೂರು ವಾರ ಮೊದಲೇ ಯೂರಿಯಾ ನಿಲ್ಲಿಸಿ. ಕರಕಿಯನ್ನು ಎರಡು ಸಲಕ್ಕೆ 2 ಸೆಂ.ಮೀ.ವರೆಗೆ ಕತ್ತರಿಸಿ, ಒಣಕಲು ಪದರವನ್ನು ಕುಂಟೆಯಿಂದ ಎಳೆದು ತೆಗೆಯಿರಿ. ಮಣ್ಣು ಕಾಣಲೇಬೇಕು, ಒಣಹುಲ್ಲಿನ ಮೇಲೆ ಬಿದ್ದ ಬೀಜ ಮೊಳೆತರೂ ಬೇರೂರದು. ಬೀಜಕ್ಕೆ ಒಣ ಮರಳು ಬೆರೆಸಿ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಎರಚಿ. ಮೇಲೆ ಸೋಸಿದ ತಿಪ್ಪೆಗೊಬ್ಬರ, ಮರಳು ಸಮಪಾಲು ಬೆರೆಸಿ 5 ಮಿ.ಮೀ. ಹೊದಿಕೆ: 500 ಚದರ ಅಡಿಗೆ 15 ಲೀಟರಿನ ಹದಿನೈದು ಬಕೆಟ್. ಗದಗ, ನವಲಗುಂದದ ಎರಿ (ಕಪ್ಪು) ಮಣ್ಣಾದರೆ ಬಿತ್ತುವ ಮೊದಲೇ ಬಿರುಕುಗಳನ್ನು ಇದೇ ಮಿಶ್ರಣದಿಂದ ತುಂಬಿ, ಇಲ್ಲವಾದರೆ ಬೀಜ ಅದರೊಳಗೇ ಹೋಗುತ್ತದೆ.

ಮೊದಲ ಹತ್ತು ದಿನ ನೀರು ಕೊಂಚ ಕೊಂಚವೇ, ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ದಿನಕ್ಕೆ ಮೂರು ಸಲ, ಎರಿಯಲ್ಲಿ ಎರಡು ಸಲ. ಸಂಜೆ ಕತ್ತಲಾದ ಮೇಲೆ ಹಾಕಬೇಡಿ. ರಾತ್ರಿಯಿಡೀ ಒದ್ದೆಯಾಗಿದ್ದರೆ ಪಿಥಿಯಂ ಎಂಬ ಕೊಳೆರೋಗ ಬಂದು ಸಸಿಗಳು ಜಿಡ್ಡು ಹಿಡಿದಂತಾಗಿ ವೃತ್ತಾಕಾರವಾಗಿ ಮಲಗುತ್ತವೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಓಣಿಯಲ್ಲಿ, ಬೋರ್ ಇಲ್ಲದಿದ್ದರೆ, ಈ ಉಸಾಬರಿಯೇ ಬೇಡ ಅನ್ನುತ್ತೇನೆ.

ವಾರ, ಹತ್ತು ದಿನಕ್ಕೆ ಮೊಳಕೆ. ಎತ್ತರ 7 ಸೆಂ.ಮೀ. ಆದಾಗ ನೆಲ ಒಣಗಿರುವಾಗ 5ಕ್ಕೆ ಕತ್ತರಿಸಿ. ಬ್ಲೇಡ್ ಮೊಂಡಾಗಿದ್ದರೆ ಸಸಿಗಳೇ ಕಿತ್ತು ಬರುತ್ತವೆ. ಮೂರನೆಯ ವಾರ 500 ಚದರ ಅಡಿಗೆ 300 ಗ್ರಾಂ ಯೂರಿಯಾ ಎರಚಿ, ತಕ್ಷಣ ನೀರು ಕೊಡಿ.

ಹೆಚ್ಚಿನವರು ಎಡವುವುದು ಫೆಬ್ರವರಿಯಲ್ಲಿ. ಹಸಿರು ಚೆಂದ ಕಾಣುತ್ತದೆಂದು ಹಾಗೇ ಬಿಟ್ಟರೆ ಮಾರ್ಚ್ ಬಿಸಿಲಿಗೆ ರೈ ಒಮ್ಮೆಲೇ ಸತ್ತು, ಅದರ ನೆರಳಲ್ಲಿ ಸೊರಗಿದ ಕರಕಿಯ ಜಾಗದಲ್ಲಿ ಬೋಳು ನೆಲ ಉಳಿಯುತ್ತದೆ. ತಿಂಗಳ ಮಧ್ಯದಿಂದಲೇ ಗೊಬ್ಬರ ನಿಲ್ಲಿಸಿ, ಪ್ರತಿ ಕತ್ತರಿಕೆಗೂ ಒಂದೊಂದು ಸೆಂ.ಮೀ. ಇಳಿಸುತ್ತ 2ಕ್ಕೆ ತನ್ನಿ. ನೀರಿನ ಅಂತರ ಹೆಚ್ಚಿಸಿ, ಪೂರ್ತಿ ನಿಲ್ಲಿಸಬೇಡಿ. ರೈ ಹಳದಿಯಾದ ಮೇಲೆ ಕರಕಿಗೆ ಯೂರಿಯಾ ಹಾಕಿ ಆಳಕ್ಕಿಳಿಯುವಂತೆ ನೀರು ಬಿಡಿ.