ಜಾವಾ ಇದ್ದರೂ ‘ಜಾವಾ ಇಲ್ಲ’ ಎನ್ನುತ್ತಿದ್ದ ಲ್ಯಾಬ್: ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ತರಬೇತಿ ಕೇಂದ್ರವೊಂದರ ಲ್ಯಾಬ್ ನನ್ನ ಸುಪರ್ದಿಯಲ್ಲಿದೆ. ಪ್ರೋಗ್ರಾಮ್ ಬರೆಯುವ ವಿಎಸ್ ಕೋಡ್ ಎಡಿಟರ್ ತೆರೆದರೆ ಸಾಕು, ಜಾವಾ ಭಾಷೆಯ 21ನೇ ಆವೃತ್ತಿ ಬೇಕೆಂಬ ತಕರಾರು ಮೂಲೆಯಲ್ಲಿ ಏಳುತ್ತಿತ್ತು. ಪಾಠ ನಡೆಯುವುದು ಜಾವಾ 8ರಲ್ಲಿ, ಅದು ಎಲ್ಲ ಯಂತ್ರಗಳಲ್ಲೂ ಇತ್ತು.

ಹಾರ್ಡ್‌ವೇರ್‌ನವರು ‘ಸರ್, ಇವು ಮುದಿಯಾಗಿವೆ, ಬದಲಿಸಿಬಿಡಿ’ ಎಂದು ಒಂದಕ್ಕೆ ಹದಿನೆಂಟು ಸಾವಿರದ ಆಸುಪಾಸು ಹೇಳಿದರು. ನಡುವೆ ತಲಾ ಐನೂರು ಪಡೆದು ಕೆಲವನ್ನು ಫಾರ್ಮ್ಯಾಟ್ ಮಾಡಿದರು. ಸಂಜೆಗೆ ಅದೇ ತಕರಾರು. ಇನ್ನೊಬ್ಬರು ಜಾವಾ ಎಲ್ಲಿದೆ ಎಂದು ಹೇಳುವ ಜಾವಾ ಹೋಮ್‌ಗೆ ಮುಖ್ಯ ಫೋಲ್ಡರ್ ಬದಲು ಒಳಗಿನ ಬಿನ್ ಫೋಲ್ಡರನ್ನೇ ತೋರಿಸಿ ಹೋಗಿದ್ದರು. ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಾದ ಪಾಥ್ ತಿದ್ದಿದರೂ ಅದರಲ್ಲಿ ಆರೇಕಲ್‌ನ ಜಾವಾಪಾಥ್ ಫೋಲ್ಡರ್ ಮುಂದೆ ಕುಳಿತು ಹಳೆಯದನ್ನೇ ಎತ್ತಿಕೊಡುತ್ತಿತ್ತು.

ರೋಗ ಬೇರೆಡೆ ಇತ್ತು. ವಿಎಸ್ ಕೋಡ್‌ಗೆ ಸೇರಿಸುವ ರೆಡ್ ಹ್ಯಾಟ್‌ನ ಜಾವಾ ಎಕ್ಸ್‌ಟೆನ್ಶನ್ ತಾನು ಓಡಲು ಒಂದು ಜಾವಾ ಕೇಳುತ್ತದೆ, ನಮ್ಮ ಪ್ರೋಗ್ರಾಮಿಗೆ ಬೇಕಾದದ್ದು ಇನ್ನೊಂದು. ಆ ಎಕ್ಸ್‌ಟೆನ್ಶನ್‌ನ ವಿಂಡೋಸ್ 64 ಬಿಟ್ ಕಂತೆಯಲ್ಲಿ ರನ್‌ಟೈಮ್ (ಅದು ಓಡಲು ಬೇಕಾದ ಜಾವಾ) ಒಳಗೇ ಬರುತ್ತದೆ. ಲ್ಯಾಬಿಗೆ ಹಿಂದೆ ಯಾರೋ ಹಂಚಿದ್ದು ರನ್‌ಟೈಮ್ ಇಲ್ಲದ ಯೂನಿವರ್ಸಲ್ ಕಂತೆ. ಸರಿಯಾದ ಕಂತೆ ಹಾಕಿದ್ದರೂ ನಡೆಯುತ್ತಿತ್ತು, ಆದರೆ ಜೆಡಿಕೆ (ಜಾವಾದ ಪೂರ್ಣ ಸಲಕರಣೆಗಳ ಕಟ್ಟು) ನನ್ನ ಕೈಯಲ್ಲೇ ಇರಲಿ ಎಂಬ ಹಟ ನನ್ನದು.

ಉಚಿತ ಜೆಡಿಕೆಯಾದ ಟೆಮುರಿನ್ 21ರ ಜಿಪ್ ಇಳಿಸಿಕೊಂಡೆ, ಇನ್ನೂರು ಎಂಬಿ ಚಿಲ್ಲರೆ. ಇನ್‌ಸ್ಟಾಲರ್ ಅಲ್ಲದ ಕಾರಣ ಅಡ್ಮಿನ್ ಪಾಸ್‌ವರ್ಡ್‌ಗೆ ಯಾರ ಕಾಲೂ ಹಿಡಿಯಬೇಕಿಲ್ಲ. ಪೆನ್‌ಡ್ರೈವ್‌ನಿಂದ ಎಲ್ಲದರಲ್ಲೂ ಒಂದೇ ಹೆಸರಿನ ಫೋಲ್ಡರಿಗೆ ಬಿಚ್ಚಿದೆ. ಸೆಟ್ಟಿಂಗ್ಸ್ ಕಡತದಲ್ಲಿ ‘ಜಾವಾ.ಜೆಡಿಟಿ.ಎಲ್‌ಎಸ್.ಜಾವಾ.ಹೋಮ್’ ಅದನ್ನು ತೋರಿಸಿತು, ‘ಜಾವಾ.ಕಾನ್ಫಿಗರೇಶನ್.ರನ್‌ಟೈಮ್ಸ್’ನಲ್ಲಿ ಹಳೆಯ 8 ಡೀಫಾಲ್ಟ್ ಆಗಿ ಕುಳಿತಿತು. ಫೋಲ್ಡರಿನ ವಿಳಾಸದಲ್ಲಿ ಓರೆಗೆರೆ (\) ಜೋಡಿಯಾಗಿರಬೇಕು, ಒಂದೇ ಇದ್ದರೆ ಆ ಕಡತದ ಜೇಸನ್ ರೂಪ ಅದನ್ನು ಸರಿಯಾಗಿ ಓದುವುದಿಲ್ಲ. ಕೊನೆಗೆ ಎಕ್ಸ್‌ಟೆನ್ಶನ್ ಕೂಡಿಟ್ಟಿದ್ದ ಹಳೆಯ ಮಾಹಿತಿ ಹೋಗಲೆಂದು ವರ್ಕ್‌ಸ್ಪೇಸ್ ಕ್ಲೀನ್ ಮಾಡಿದೆ.

ಒಂದು ಯಂತ್ರ ಮಾತ್ರ ಮೊಂಡು ಹಿಡಿಯಿತು. ಬಿಚ್ಚುವಾಗ ಕರೆಂಟು ಹೋಗಿ ಫೋಲ್ಡರ್ ಅರ್ಧವೇ ಆಗಿತ್ತು, ಬಿನ್ ಇತ್ತು, ಲಿಬ್‌ನಲ್ಲಿ ಮಾಡ್ಯೂಲ್ಸ್ ಕಡತವಿರಲಿಲ್ಲ. ಅಳಿಸಿ ಮತ್ತೆ ಬಿಚ್ಚಿದೆ.

ನಡುವೆ ಪ್ರೋಗ್ರಾಮ್ ಬರೆಯುವ ಇನ್ನೊಂದು ತಂತ್ರಾಂಶ ಎಕ್ಲಿಪ್ಸ್ ಕೂಡ ನೋಡಿದೆ. 2020ರಿಂದ ಅದು ಜೆಆರ್‌ಇಯನ್ನು (ಜಾವಾ ರನ್‌ಟೈಮ್) ತಾನೇ ಹೊತ್ತು ತರುತ್ತದೆ, ಈ ರಗಳೆಯೇ ಇಲ್ಲ. ಆದರೆ ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಅದು ಏಳುವ ಹೊತ್ತಿಗೆ ಹುಡುಗರು ಚಹಾ ಕುಡಿದು ಬರುತ್ತಿದ್ದರು.

ಎಲ್ಲ ಯಂತ್ರಗಳಿಗೂ ಒಂದೇ ಏಟಿಗೆ ಸೆಟ್ಟಿಂಗ್ ಹಂಚುವ ಬ್ಯಾಚ್ ಕಡತ ಬರೆದಿದ್ದೇನೆ. ಅದರ ಒಳಗುಟ್ಟು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಒಟ್ಟು ಖರ್ಚು ನಾನೂರು ಚಿಲ್ಲರೆಯ ಪೆನ್‌ಡ್ರೈವ್ ಮತ್ತು ಡೇಟಾ ಪ್ಯಾಕ್. ಕೊಟೇಶನ್ ಕೊಟ್ಟವರೇ ಈಗ ಆ ಕಡತ ಕೇಳುತ್ತಿದ್ದಾರೆ.

32 ಬಿಟ್‌ನ ಯಂತ್ರಗಳಿಗೆ ಈ ಮದ್ದು ನಾಟುವುದಿಲ್ಲ, ವಿಎಸ್ ಕೋಡ್ 2023ರಲ್ಲೇ ಅವುಗಳನ್ನು ಕೈಬಿಟ್ಟಿದೆ. ಅಲ್ಲಿ ನೋಟ್‌ಪ್ಯಾಡ್, ಜಾವಾದ ಕಂಪೈಲರ್ ಜಾವಾಸಿ ಅಷ್ಟೇ.