ಯಾಕೋಬನ ಪತ್ರಿಕೆಯೊಂದಿಗೆ ನಾಲ್ಕು ವಾರ: ಓದಿದ ವಾಕ್ಯ ನಾಳೆಯ ಕೆಲಸವಾಗಲು

ಮನೆ ಪ್ರಾರ್ಥನೆ ಒಂದು ದಿನವೂ ತಪ್ಪದ ಮನೆಗಳಲ್ಲಿಯೂ ಒಂದು ಕೊರತೆ ಕಾಣುತ್ತದೆ. ರಾತ್ರಿ ಓದಿದ ವಾಕ್ಯಕ್ಕೂ ಬೆಳಿಗ್ಗೆ ಎದ್ದು ಮಾಡುವ ಕೆಲಸಕ್ಕೂ ಕೊಂಡಿಯೇ ಇರುವುದಿಲ್ಲ. ಹಾಡು, ಓದು, ಪ್ರಾರ್ಥನೆ, ಆಮೆನ್, ಆಮೇಲೆ ಊಟ. ಮರುದಿನ ಮಧ್ಯಾಹ್ನ ಕೇಳಿದರೆ ನಿನ್ನೆ ಯಾವ ಭಾಗ ಓದಿದೆವೆಂದು ಯಾರಿಗೂ ನೆನಪಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ, ತಾನು ಹೇಗಿದ್ದೇನೆಂಬುದನ್ನು ಆ ಕೂಡಲೇ ಮರೆಯುವವನ ಬಗ್ಗೆ ಯಾಕೋಬನು ಹೊಸ ಒಡಂಬಡಿಕೆಯಲ್ಲಿರುವ ತನ್ನ ಪತ್ರಿಕೆಯ, ಅಂದರೆ ಪತ್ರದ, ಮೊದಲನೆಯ ಅಧ್ಯಾಯದಲ್ಲಿ ಬರೆಯುವುದು ಇದನ್ನೇ. ಈ ಕೊಂಡಿಯನ್ನು ಹಾಕಲು ಅವನ ಪತ್ರಿಕೆಗಿಂತ ಒಳ್ಳೆಯ ಪುಸ್ತಕ ಸಿಗುವುದು ಕಷ್ಟ. 5 ಅಧ್ಯಾಯ, 108 ವಚನ. ವಾರಕ್ಕೆ ಐದು ರಾತ್ರಿಯಂತೆ ನಾಲ್ಕು ವಾರದಲ್ಲಿ ಮುಗಿಯುತ್ತದೆ.

ಕ್ಯಾಲೆಂಡರಿನ ದಿನದ ವಚನ ಸಾಲದೇ ಎಂದು ಕೇಳುವವರಿದ್ದಾರೆ. ದಿನಕ್ಕೊಂದು ವಚನದ ರೂಢಿ ಹಳೆಯದು, ಒಳ್ಳೆಯದೂ ಹೌದು. ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ ಸಭೆ 1731ರಿಂದಲೇ ಅಂಥ ವಚನಗಳ ಪುಸ್ತಕವನ್ನು ಅಚ್ಚು ಹಾಕಿಸುತ್ತಿದೆ. ಆದರೆ ಬಿಡಿ ವಚನದಲ್ಲಿ ಮನಸ್ಸಿಗೆ ಹಿತವಾದದ್ದನ್ನು ಮಾತ್ರ ಆರಿಸಿಕೊಳ್ಳುವುದು ಸುಲಭ. ಒಂದು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗ, ನಾವು ದಾಟಿಹೋಗಲು ಬಯಸುವ ಭಾಗವೂ ಎದುರಿಗೆ ಬಂದು ನಿಲ್ಲುತ್ತದೆ.

ಭಾಗಗಳು

ಮೊದಲ ವಾರ: 1:1–8, 1:9–18, 1:19–21, 1:22–25, 1:26–27.
ಎರಡನೆಯ ವಾರ: 2:1–7, 2:8–13, 2:14–17, 2:18–26, 3:1–5.
ಮೂರನೆಯ ವಾರ: 3:6–12, 3:13–18, 4:1–6, 4:7–10, 4:11–12.
ನಾಲ್ಕನೆಯ ವಾರ: 4:13–17, 5:1–6, 5:7–12, 5:13–16, 5:17–20.

ಶನಿವಾರ ಬಿಡುವು, ಭಾನುವಾರ ಸಭೆಯ ಆರಾಧನೆ ಇದ್ದೇ ಇದೆ. ನಡುವೆ ಒಂದು ರಾತ್ರಿ ತಪ್ಪಿದರೆ ಮರುದಿನ ಎರಡು ಭಾಗಗಳನ್ನು ಒಟ್ಟಿಗೆ ಓದಲು ಹೋಗಬೇಡಿ. ಬಿಟ್ಟಲ್ಲಿಂದ ಮುಂದುವರಿಸಿ. ಬಾಕಿ ತೀರಿಸುವ ಹಾಗೆ ಓದಿದ ರಾತ್ರಿಯೇ ಮಕ್ಕಳಿಗೆ ಪ್ರಾರ್ಥನೆ ಬೇಸರವಾಗುತ್ತದೆ.

ಹದಿನೈದು ನಿಮಿಷ

ಊಟಕ್ಕೆ ಮುಂಚೆ ಕುಳಿತುಕೊಳ್ಳಿ. ಊಟವಾದ ಮೇಲೆ ಸಣ್ಣ ಮಕ್ಕಳು ತೂಕಡಿಸುತ್ತಾರೆ, ದೊಡ್ಡವರೂ. ಅನ್ನ ಇಳಿಸಿ, ಒಲೆ ಆರಿಸಿದ ಮೇಲೆಯೇ ಶುರುಮಾಡಿ. ಕುಕ್ಕರಿನ ಕೂಗು ಎಣಿಸುತ್ತಾ ಕುಳಿತ ತಾಯಿಗೆ ವಾಕ್ಯ ಕಿವಿಗೆ ಬೀಳುವುದಿಲ್ಲ. ಮೂರು ನಿಮಿಷ ಒಂದು ಹಾಡು, ಎರಡೇ ಚರಣ ಸಾಕು. ಎರಡು ನಿಮಿಷ ಓದು. ಒಂದು ನಿಮಿಷ ಪೂರ್ತಿ ಮೌನ. ನಾಲ್ಕು ನಿಮಿಷ ಮಾತು. ನಾಲ್ಕು ನಿಮಿಷ ಪ್ರಾರ್ಥನೆ. ಅದರ ಕೊನೆಗೆ ಎಲ್ಲರೂ ಸೇರಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’. ಉಳಿದ ಒಂದು ನಿಮಿಷದಲ್ಲಿ ನಾಳೆಯ ಕೆಲಸವನ್ನು ಪುಸ್ತಕದಲ್ಲಿ ಬರೆಯುವುದು. ಮೌನದ ಒಂದು ನಿಮಿಷ ಮೊದಲ ವಾರ ತುಂಬಾ ಉದ್ದ ಅನ್ನಿಸುತ್ತದೆ. ಬಿಡಬೇಡಿ.

ಓದಲು ಅಚ್ಚಾದ ಸತ್ಯವೇದವೇ ಇರಲಿ. ಫೋನಿನಲ್ಲಿ ಓದುತ್ತಿದ್ದಾಗ ಮೇಲಿನಿಂದ ಒಂದು ಮೆಸೇಜು ಇಳಿದರೆ ಓದುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಹಳೆಯ ಅನುವಾದದ ಮಾತು ಅಜ್ಜ ಅಜ್ಜಿಗೆ ಬಾಯಿಪಾಠ, ಮಕ್ಕಳಿಗೆ ಕಬ್ಬಿಣದ ಕಡಲೆ. ಹಾಗಾಗಿ ಒಬ್ಬರು ಹಳೆಯದರಿಂದಲೂ ಮತ್ತೊಬ್ಬರು ಈಚಿನ ಸರಳ ಅನುವಾದದಿಂದಲೂ ಅದೇ ಭಾಗವನ್ನು ಓದಬಹುದು. ಐದಾರು ವಚನವಾದ್ದರಿಂದ ಸಮಯ ಮೀರುವುದಿಲ್ಲ. ಇಂಗ್ಲಿಷ್ ಮೀಡಿಯಂ ಮಗುವಿಗೆ ಕನ್ನಡ ಓದಲು ತಡವರಿಕೆಯಿದ್ದರೆ ಎರಡೇ ವಚನ ಕೊಟ್ಟು, ಸಂಜೆಯೇ ಒಮ್ಮೆ ಓದಿಸಿ ಇಟ್ಟಿರಿ. ಎಲ್ಲರೆದುರು ತಿದ್ದಿದರೆ ಮರುದಿನ ಅದು ಓದಲು ಒಲ್ಲೆನೆನ್ನುತ್ತದೆ.

ಮನೆಯವರೊಬ್ಬರು ದುಬೈಯಲ್ಲಿದ್ದರೆ ನಮ್ಮ 8:30 ಅವರಿಗೆ 7 ಗಂಟೆ, ಕೆಲಸ ಬಿಟ್ಟು ದಾರಿಯಲ್ಲಿರುವ ಹೊತ್ತು. ದಿನವೂ ವಿಡಿಯೋ ಕರೆಗೆ ಕಾಯುವ ಬದಲು ಅದೇ ಭಾಗವನ್ನು ಅವರು ಅಲ್ಲಿ ಓದಿಕೊಂಡು, ವಾರಕ್ಕೊಂದು ದಿನ ಜೊತೆಗೂಡಿದರೆ ಸಾಕು.

ನಾಳೆಯ ಕೆಲಸ

ಇಡೀ ಪದ್ಧತಿಯ ಗಂಟು ಇಲ್ಲಿದೆ. 200 ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ತಾರೀಕು ಮತ್ತು ಭಾಗ, ಬಲಗಡೆ ಮರುದಿನ ರಾತ್ರಿಯೊಳಗೆ ಮಾಡಿ ಮುಗಿಸುವ ಒಂದೇ ಒಂದು ಕೆಲಸ. ಮರುದಿನ ಕುಳಿತ ಕೂಡಲೇ, ಹಾಡಿಗೂ ಮುಂಚೆ, ಅದು ಆಯಿತೇ ಎಂದು ಕೇಳುವುದು. ಆಗಿದ್ದರೆ ಒಂದು ಗೆರೆ. ಆಗದಿದ್ದರೆ ಏಕೆ ಆಗಲಿಲ್ಲವೆಂದು ಎರಡು ಮಾತು, ಬೈಗುಳ ಬೇಡ.

‘ಎಲ್ಲರನ್ನೂ ಪ್ರೀತಿಸುವುದು’ ಕೆಲಸವಲ್ಲ. ‘ತಾಳ್ಮೆಯಿಂದಿರುವುದು’ ಕೂಡ ಅಲ್ಲ. ಯಾರಿಗೆ, ಯಾವಾಗ, ಏನು ಎಂಬ ಮೂರಕ್ಕೂ ಉತ್ತರ ಇರಬೇಕು. 1:19 ಓದಿದ ರಾತ್ರಿ, ಅಂದರೆ ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ, ಕೋಪದಲ್ಲಿ ನಿಧಾನ ಎಂಬ ಭಾಗಕ್ಕೆ, ‘ನಾಳೆ ಸಂಜೆ ಅತ್ತೆ ಮಾತಾಡುವಾಗ ಫೋನು ಮಗುಚಿಟ್ಟು, ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕುವುದಿಲ್ಲ’ ಎಂದು ಬರೆಯಬಹುದು. ಮಕ್ಕಳ ಕೆಲಸವನ್ನು ಮಕ್ಕಳೇ ಹೇಳಲಿ. ದೊಡ್ಡವರು ಹೇಳಿಕೊಟ್ಟದ್ದು ಹೋಂವರ್ಕ್ ಆಗಿಬಿಡುತ್ತದೆ.

1:27ರಲ್ಲಿ ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ನೋಡಿಕೊಳ್ಳುವ ಮಾತು ಬರುತ್ತದೆ. ಭೇಟಿಗೆ ಹೋಗುವುದಾದರೆ ಅರ್ಧ ಗಂಟೆ ಸಾಕು. ಬರುತ್ತೇವೆಂದು ಮೊದಲೇ ತಿಳಿಸಿ, ಊಟದ ಹೊತ್ತು ತಪ್ಪಿಸಿ. ಇಲ್ಲದಿದ್ದರೆ ಆಕೆ ಇಲ್ಲದ ಹಣ ಖರ್ಚು ಮಾಡಿ ನಿಮಗೆ ಅಡಿಗೆ ಮಾಡುತ್ತಾಳೆ. ಫೋಟೋ ತೆಗೆಯಬೇಡಿ. ಹಣ್ಣು, ಬಿಸ್ಕತ್ತು ಎಲ್ಲರೂ ಒಯ್ಯುತ್ತಾರೆ. ‘ಯಾವುದಾದರೂ ಕಾಗದಪತ್ರದ ಕೆಲಸ ನಿಂತಿದೆಯೇ?’ ಎಂದು ಕೇಳುವವರು ಕಡಿಮೆ. ವಿಧವಾ ವೇತನದ ಅರ್ಜಿ, ಬ್ಯಾಂಕ್ ಪಾಸ್‌ಬುಕ್ಕಿನ ಎಂಟ್ರಿ, ಆಧಾರಿನಲ್ಲಿ ಹೆಸರಿನ ತಪ್ಪು: ಇಂಥದ್ದಕ್ಕೆ ಒಂದು ದಿನ ರಜೆ ಹಾಕಿ ನಾಡಕಚೇರಿಗೆ ಜೊತೆಗೆ ಹೋದರೆ ಅದು ಆ ವಚನದ ನೇರ ಅರ್ಥ.

2:1–7 ಈ ಪತ್ರಿಕೆಯ ಅತಿ ಇಕ್ಕಟ್ಟಿನ ಭಾಗ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯ ಬಡವನಿಗೆ ಕಾಲಬಳಿ ಜಾಗ. ಇದನ್ನು ಓದಿ ಸಭೆಯಲ್ಲಿ ಮುಂದಿನ ಬೆಂಚು ಯಾರದೆಂದು ಮಾತಾಡಿ ಮುಗಿಸುವುದು ಸುಲಭ. ಮನೆಯೊಳಗೆ ನೋಡಿ. ಕೆಲಸದಾಕೆಗೆ ಬೇರೆ ಲೋಟ ಇದೆಯೇ? ಆಕೆ ಕುರ್ಚಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಾಳೆಯೇ, ಹಿಂಬಾಗಿಲಲ್ಲಿ ನಿಂತೇ? ಮಗನಿಗೋ ಮಗಳಿಗೋ ಸಂಬಂಧ ನೋಡುವಾಗ, ದೀಕ್ಷಾಸ್ನಾನವಾಗಿ ತಲೆಮಾರುಗಳೇ ಕಳೆದ ಮೇಲೂ, ಹಿಂದಿನ ಜಾತಿಯನ್ನು ಯಾರ ಮೂಲಕವಾದರೂ ವಿಚಾರಿಸುತ್ತೇವೆಯೇ? ಬೇರೆ ಲೋಟವನ್ನು ನಾಳೆಯೇ ತೆಗೆಯಬಹುದು. ಕೊನೆಯ ಪ್ರಶ್ನೆಗೆ ಒಂದು ದಿನದ ಕೆಲಸ ಸಾಲದು, ಆದರೆ ಮಕ್ಕಳ ಮುಂದೆ ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು ನಾಳೆಯೇ ಆಗಬಹುದು.

ಹಿಡಿ ಅಕ್ಕಿ

2:15–16ರಲ್ಲಿ ಹಸಿದವನಿಗೆ ‘ಸಮಾಧಾನದಿಂದ ಹೋಗು, ಹೊಟ್ಟೆ ತುಂಬಿಸಿಕೋ’ ಎಂದು ಹೇಳಿ ಬರಿಗೈಯಲ್ಲಿ ಕಳಿಸುವವನು ಬರುತ್ತಾನೆ. ಎಂಟನೆಯ ರಾತ್ರಿ ಓದುವ ಈ ಭಾಗಕ್ಕೆ ಮೊದಲ ದಿನದಿಂದಲೇ ತಯಾರಿ ಬೇಕು. ಮಿಜೋರಾಮಿನ ಕ್ರೈಸ್ತ ಹೆಂಗಸರು 1910ರಿಂದ, ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ದೇವರ ಕೆಲಸಕ್ಕೆ ಬೇರೆ ಇಡುತ್ತಾ ಬಂದಿದ್ದಾರೆ. ಅದಕ್ಕೆ ಅವರ ಭಾಷೆಯಲ್ಲಿ ‘ಬುಹ್‌ಫಾಯ್ ಥಾಮ್’ ಎನ್ನುತ್ತಾರೆ. ಅಲ್ಲಿನ ಸಭೆಯ ಆದಾಯದಲ್ಲಿ ಆ ಹಿಡಿ ಅಕ್ಕಿಗೆ ದೊಡ್ಡ ಪಾಲಿದೆ. ನಮ್ಮ ಅಡಿಗೆಮನೆಗೂ ಅದು ಒಗ್ಗುತ್ತದೆ.

ಮುಚ್ಚಳವಿರುವ ಒಂದು ಒಣ ಸ್ಟೀಲ್ ಡಬ್ಬಿಯನ್ನು ಅಕ್ಕಿ ಡಬ್ಬಿಯ ಪಕ್ಕದಲ್ಲೇ ಇಡಿ. ಅಳೆದು ಆದ ಮೇಲೆ, ತೊಳೆಯುವ ಮುಂಚೆ, ಅಳೆದ ಅಕ್ಕಿಯಿಂದಲೇ ಒಂದು ಹಿಡಿ ಅದಕ್ಕೆ ಹಾಕಿ. ಅಳತೆ ಹೆಚ್ಚಿಸಿಕೊಂಡು ಹಾಕಬೇಡಿ. ಆ ಒಂದು ಹಿಡಿ ನಮ್ಮ ಅನ್ನದಲ್ಲಿ ಕಡಿಮೆಯಾಗಬೇಕೆಂಬುದೇ ಉದ್ದೇಶ. ಹಿಡಿಗೆ ಸುಮಾರು 40 ಗ್ರಾಂ ಹಿಡಿದರೂ ದಿನಕ್ಕೆ ಎರಡು ಹೊತ್ತಿನಂತೆ ತಿಂಗಳಿಗೆ 2.4 ಕಿಲೋ. ರಾಗಿ, ಜೋಳ ಉಣ್ಣುವ ಮನೆಯಾದರೆ ಅದರ ಹಿಟ್ಟು ಬೇಡ, ಕಾಳನ್ನೇ ಹಾಕಿ. ಹಿಟ್ಟು ಬೇಗ ಕೆಡುತ್ತದೆ. ಹುಳು ಬೀಳದಂತೆ ನಾಲ್ಕು ಒಣಗಿದ ಬೇವಿನೆಲೆ ಹಾಕಿಡಿ, ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಇಲ್ಲಿ ಆಗುವ ದೊಡ್ಡ ತಪ್ಪು, ಮನೆಗೆ ಸೋನಾ ಮಸೂರಿ ಇಟ್ಟುಕೊಂಡು ಡಬ್ಬಿಗೆ ನಾವು ಉಣ್ಣದ ಅಕ್ಕಿ ಹಾಕುವುದು. ಕೊಡುವಾಗ ‘ದೇವರಿಗೆಂದು ಎತ್ತಿಟ್ಟದ್ದು’ ಎಂಬ ಉಪದೇಶವೂ ಬೇಡ. ಕ್ರೈಸ್ತರ ಮನೆಯೇ ಆಗಬೇಕೆಂದೂ ಇಲ್ಲ. ಪಕ್ಕದ ಬೀದಿಯಲ್ಲಿ ಕೂಲಿ ತಪ್ಪಿದ ಮನೆ ಯಾವುದೆಂದು ನಿಮಗೆ ಗೊತ್ತಿರುತ್ತದೆ.

ಕೂಲಿಯ ಲೆಕ್ಕ

5:1–6 ಓದುವ ರಾತ್ರಿ ನೋಟ್‌ಬುಕ್ಕಿನ ಜೊತೆ ಮನೆಯ ಲೆಕ್ಕದ ಪುಸ್ತಕವೂ ಇರಲಿ. ಹೊಲ ಕೊಯ್ದವರಿಂದ ಹಿಡಿದುಕೊಂಡ ಕೂಲಿಯೇ ಕೂಗುತ್ತದೆ ಎನ್ನುತ್ತಾನೆ ಯಾಕೋಬ. ಅವನ ಹಿಂದೆ ಮೋಶೆಯ ಧರ್ಮಶಾಸ್ತ್ರವಿದೆ: ಕೂಲಿಯವನ ಕೂಲಿ ಬೆಳಗಿನ ತನಕ ನಿಮ್ಮಲ್ಲಿ ಉಳಿಯಬಾರದು (ಯಾಜಕಕಾಂಡ 19:13), ಹೊತ್ತು ಮುಳುಗುವುದರೊಳಗೆ ಕೊಡಬೇಕು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ (ಧರ್ಮೋಪದೇಶಕಾಂಡ 24:15). ಪಾತ್ರೆ ತೊಳೆಯುವಾಕೆ, ಹಾಲಿನವರು, ಇಸ್ತ್ರಿಯವರು, ತೋಟದ ಆಳು, ಪೈಪ್ ರಿಪೇರಿ ಮಾಡಿ ಹೋದವರು, ಒಬ್ಬೊಬ್ಬರ ಹೆಸರನ್ನೂ ಬರೆದು ಬಾಕಿ ಎಷ್ಟೆಂದು ಬರೆಯಿರಿ. ‘ಚಿಲ್ಲರೆ ಇಲ್ಲ, ಆಮೇಲೆ ಬಾ’ ಎಂದು ಉಳಿಸಿದ 50 ರೂಪಾಯಿಯೂ ಬರಲಿ. ಕಾಯಿಲೆಯಿಂದ ಬಾರದ ದಿನಕ್ಕೆ ಸಂಬಳ ಹಿಡಿದಿದ್ದರೆ ಅದೂ. ಮರುದಿನದ ಕೆಲಸವನ್ನು ಆ ರಾತ್ರಿ ಹುಡುಕಬೇಕಾಗಿಯೇ ಇಲ್ಲ.

ಮರುರಾತ್ರಿ 5:7ರಲ್ಲಿ ಬರುವ ಮುಂಗಾರು ಹಿಂಗಾರನ್ನು ಮಕ್ಕಳಿಗೆ ವಿವರಿಸುವಾಗ ಎಚ್ಚರ. ನಮ್ಮ ಮುಂಗಾರು ಜೂನಿನದು. ಪ್ಯಾಲೆಸ್ತೀನಿನಲ್ಲಿ ಮೊದಲ ಮಳೆ ಅಕ್ಟೋಬರ್ ನವೆಂಬರಿನ ಬಿತ್ತನೆಗೆ, ಕೊನೆಯ ಮಳೆ ಮಾರ್ಚ್ ಏಪ್ರಿಲಿನಲ್ಲಿ ಕಾಳು ಕಟ್ಟುವುದಕ್ಕೆ. ರೈತ ಕಾಯುವುದು ಆರು ತಿಂಗಳು.

ಕೆಡುವುದು ಎಲ್ಲಿ

ಪ್ರಾರ್ಥನೆಯಲ್ಲಿ ಬೈಯುವುದು. ‘ಕರ್ತನೇ, ಫೋನು ಬಿಟ್ಟು ಓದುವ ಬುದ್ಧಿಯನ್ನು ಈ ಹುಡುಗನಿಗೆ ಕೊಡು’ ಎಂದಾಗ ತಂದೆ ಮಾತಾಡುತ್ತಿರುವುದು ದೇವರ ಜೊತೆಗಲ್ಲ, ಹುಡುಗನಿಗೆ ಅದು ಚೆನ್ನಾಗಿ ಗೊತ್ತು. ಉತ್ತರ ಕೊಡಲಾಗದ ಜಾಗದಲ್ಲಿ ಬೈಸಿಕೊಂಡವನು ಆ ಜಾಗಕ್ಕೇ ಬರುವುದಿಲ್ಲ. ಬೈಯಲೇಬೇಕಾದರೆ ಬೇರೆ ಹೊತ್ತಿನಲ್ಲಿ ಎದುರಾಎದುರು ಹೇಳಿ.

ಪ್ರಾರ್ಥನೆ ವಿನಂತಿಯ ಹೆಸರಿನಲ್ಲಿ ಊರ ಸುದ್ದಿ. ನಾಲಿಗೆಯ ಬಗೆಗಿನ ಮೂರನೆಯ ಅಧ್ಯಾಯ ಓದಿದ ರಾತ್ರಿಯೇ ಇದು ನುಸುಳುತ್ತದೆ: ‘ಅವರ ಮಗಳ ಸಲುವಾಗಿ ಪ್ರಾರ್ಥಿಸಿ, ಏನಾಯಿತು ಗೊತ್ತಾ...’ ಹೆಸರು ಮತ್ತು ಅಗತ್ಯ, ಇಷ್ಟೇ ಹೇಳಬೇಕೆಂದು ಮನೆಯಲ್ಲಿ ನಿಯಮ ಮಾಡಿಕೊಳ್ಳಿ. ನೋಟ್‌ಬುಕ್ಕಿನಲ್ಲಿಯೂ ಬೇರೆಯವರ ಗುಟ್ಟು ಬರೆಯಬೇಡಿ.

ಲೆಕ್ಕ ಹಾಕಿ ಪುಣ್ಯ ಕಟ್ಟಿಕೊಳ್ಳುವುದು. ಗೆರೆಗಳು ತುಂಬುತ್ತಾ ಹೋದಂತೆ ಮಕ್ಕಳು ಇದನ್ನು ಅಂಕ ಎಂದುಕೊಳ್ಳುತ್ತಾರೆ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ತನ್ನ 1522ರ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಈ ಪತ್ರಿಕೆಯನ್ನು ‘ಹುಲ್ಲಿನ ಪತ್ರಿಕೆ’ ಎಂದದ್ದಕ್ಕೂ, ಕ್ರಿಯೆಯಿಂದಲೇ ನೀತಿವಂತರಾಗುತ್ತೇವೆಂದು ಜನ ತಿಳಿದಾರೆಂಬ ಭಯವೇ ಒಂದು ಕಾರಣ. ರಕ್ಷಣೆ ಕೃಪೆಯಿಂದ, ಉಸಿರಿರುವ ದೇಹ ಅಲುಗಾಡುವ ಹಾಗೆ, ಜೀವವಿರುವ ನಂಬಿಕೆ ಕೆಲಸ ಮಾಡುತ್ತದೆ. 2:26 ಓದುವಾಗ ಇದನ್ನು ಬಿಡಿಸಿ ಹೇಳಿ, ಗೆರೆಗಳನ್ನು ಎಣಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಗಂಭೀರ ವಿಷಯ. 5:16ರಲ್ಲಿ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಎಂದಿದೆ. ದಂಪತಿಗಳ ನಡುವಿನದನ್ನು ಮಕ್ಕಳೆದುರು ಎಳೆಯಬೇಡಿ. ಮನೆಯಲ್ಲಿ ಹೊಡೆತ ತಿನ್ನುವವರಿದ್ದರೆ ‘ಕ್ಷಮಿಸಿಬಿಡು’ ಎಂದು ಅವರನ್ನು ಕೂರಿಸಿ ಪ್ರಾರ್ಥಿಸುವುದು ಈ ವಚನದ ಅರ್ಥವಲ್ಲ; ಅವರಿಗೆ ಮೊದಲು ಬೇಕಾದದ್ದು ಸುರಕ್ಷಿತವಾದ ಜಾಗ, ಆಮೇಲೆ ಸಭಾಪಾಲಕರ ಮತ್ತು ಕಾನೂನಿನ ನೆರವು. ಹಾಗೆಯೇ 5:14ರಂತೆ ಸಭೆಯ ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದ ರಾತ್ರಿಯೂ ರೋಗಿಯ ಬಿ.ಪಿ., ಸಕ್ಕರೆಯ ಮಾತ್ರೆಗಳು ಎಂದಿನಂತೆ ನಡೆಯಲಿ.

ಇಪ್ಪತ್ತನೆಯ ರಾತ್ರಿ ಮುಗಿದ ಶನಿವಾರ, ಅಕ್ಕಿಯನ್ನು ಮಕ್ಕಳ ಕೈಯಿಂದಲೇ ಸುರಿಸಿ ಚೀಲಕ್ಕೆ ತುಂಬಿಸಿ, ಕೊಟ್ಟು ಬನ್ನಿ. ಡಬ್ಬಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ, ತೇವವಿದ್ದರೆ ಮುಂದಿನ ಅಕ್ಕಿ ಮುಗ್ಗುತ್ತದೆ. ಸೋಮವಾರಕ್ಕೆ ರೂತಳ ಪುಸ್ತಕ ತೆಗೆಯಬಹುದು: 4 ಅಧ್ಯಾಯ, 85 ವಚನ, ಜವೆಗೋದಿಯ ಕೊಯ್ಲಿನಲ್ಲಿ ಹಕ್ಕಲಾಯಲು ಬಂದ ಪರದೇಶದ ಸೊಸೆಯ ಕತೆ.